ಕಾಗುಣಿತದಂತೆ ಜೋಡಿಸಿದ ಮೊಳೆಗಳು

ಆವತ್ತು ಮಾಡಿದ ಕೆಲಸಗಳು ಇವು. ಎದ್ದು ಅಂಗಳಕ್ಕೆ ನೀರು ಹಾಕಿದೆ. ಹಬ್ಬಕ್ಕೆ ಕಟ್ಟಿದ್ದ ಬಾಳೆಕಂದು ಬಿಚ್ಚಿ ಪಕ್ಕದ ಮನೆ ಎಮ್ಮೆಗೆ ಹಾಕಿದೆ. ಬಾಗಿಲ ಮುಂದೆ ಒಡೆದಿದ್ದ ಬೂದುಗುಂಬಳಕಾಯಿಯ ಹೋಳುಗಳನ್ನು ಬಾಚಿ ತೆಗೆದೆ. ಬಾವಿಯಿಂದ ಆರು ಕೊಡ ನೀರು ತಂದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ಕಾಯಿಸಿಕೊಟ್ಟೆ. ಜೋಳದ ಹಿಟ್ಟು ಜರಡಿ ಹಿಡಿದು ಎಂಟು ರೊಟ್ಟಿ ಬಡಿದೆ. ಪ್ರೆಸ್ಸಿನ ಕೋಣೆ ಗುಡಿಸಿ, ಕೇಸುಗಳ ಮೇಲೆ ಬಾಡಿದ್ದ ಚೆಂಡುಹೂವು ತೆಗೆದೆ. ಶಾಯಿ ಹಚ್ಚುವ ರೋಲರುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಒಂದು ಸಾವಿನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಜೋಡಿಸಿದೆ. ಸಂಜೆ ಮಜ್ಜಿಗೆ ಕಡೆದೆ.

ಅಚ್ಚಿಗೆ ಮೊದಲು ತಪ್ಪು ನೋಡಲು ತೆಗೆದ ಪ್ರೂಫು ಕಾಗದಗಳ ಬೆನ್ನು ಖಾಲಿ ಇರುತ್ತಿತ್ತು. ಎಸೆಯಲು ಮನಸ್ಸು ಬಾರದೆ ದಿನದ ಕೆಲಸವನ್ನು ಅದರ ಮೇಲೆ ಬರೆದಿಡುತ್ತಿದ್ದೆ. ಆವತ್ತಿನ ಹಾಳೆ ಇನ್ನೂ ಇದೆ. ಏನನ್ನಿಸಿತು ಅಂತ ಅದರಲ್ಲಿ ಒಂದು ಮಾತೂ ಇಲ್ಲ. ಏನೂ ಅನ್ನಿಸಿರಲಿಲ್ಲ ಅಂತಲೇ ಕಾಣುತ್ತದೆ.

ನಯಾಪೈಸೆ ಬಂದ ಮಾರನೇ ವರ್ಷವೋ ಅದರ ಮುಂದಿನದೋ. ಶಿಕಾರಿಪುರದಲ್ಲಿ ಬಸ್ಸು ನಿಲ್ಲುವ ಜಾಗದಿಂದ ನಾಲ್ಕು ಮನೆ ಈಚೆ ನಮ್ಮ ಮನೆ. ಮುಂದಿನ ಕೋಣೆಯೇ ಪ್ರೆಸ್ಸು. ಕಾಲಲ್ಲಿ ತುಳಿಯುವ ಒಂದು ಹಳೇ ಟ್ರೆಡಲ್ಲು, ಸಣ್ಣ ಸಣ್ಣ ಮನೆಗಳಲ್ಲಿ ಸೀಸದ ಅಕ್ಷರದ ಮೊಳೆ ತುಂಬಿದ ನಾಲ್ಕು ಮರದ ಕೇಸು, ಗಿರಾಕಿಗೆ ಕೂರಲು ಒಂದು ಬೆಂಚು. ನಮ್ಮನೆಯವರು ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ ಹನ್ನೆರಡು ವರ್ಷ ಮೊಳೆ ಜೋಡಿಸಿ ಬಂದವರು. ಈಸೂರಿನ ಕಡೆ ಇದ್ದ ಹೊಲದಲ್ಲಿ ತಮ್ಮ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಅದರ ಬದಲಿಗೆ ಈ ಮಷೀನು ತಂದಿದ್ದರು. ಮದುವೆ ಕಾಗದ, ಸಾವಿನ ಕಾಗದ, ಸಂತೆಯಲ್ಲಿ ಹಂಚುವ ಕರಪತ್ರ, ಇಷ್ಟೇ ಕೆಲಸ. ನಾವು ಮೂವರು ಅದರಲ್ಲಿ ಉಣ್ಣುತ್ತಿದ್ದೆವು: ಅವರು, ನಾನು, ನಮ್ಮತ್ತೆ.

ಆ ಹಬ್ಬದ ಹಿಂದಿನ ವರ್ಷದ ಬೇಸಿಗೆಯಲ್ಲಿ ಅವರ ಕಣ್ಣಿಗೆ ಮಂಜು ಕವಿಯಲು ಶುರುವಾಗಿತ್ತು. ಒಂದು ಸಲ ಒಬ್ಬರೇ ಶಿವಮೊಗ್ಗಕ್ಕೆ ಹೋಗಿ ಬಂದರು. ಡಾಕ್ಟರು ಏನಂದರು ಅಂತ ಕೇಳಿದೆ. "ಬಿಸಿಲಿನ ಬಾಧೆ ಅಂತೆ. ಕಣ್ಣಿಗೆ ಬಿಡೋಕೆ ಹನಿ ಕೊಟ್ಟಾರೆ," ಅಂದರು. ಆಮೇಲೆ ದನಿ ತಗ್ಗಿಸಿ, "ಇದನ್ನ ಯಾರ ಹತ್ರನೂ ಆಡಬ್ಯಾಡ. ಅಕ್ಷರದ ಕೆಲಸ ಮಾಡೋನಿಗೆ ಕಣ್ಣು ಮಂಜು ಅಂತ ಗೊತ್ತಾದ್ರೆ ನಾಳೆಯಿಂದ ಈ ಬಾಗಿಲು ಯಾರೂ ತುಳಿಯಲ್ಲ. ಹೊಲಾನೂ ಇಲ್ಲ ಈಗ," ಅಂದರು. ನಾನು ಆಡಲಿಲ್ಲ. ಅವರನ್ನೂ ಮತ್ತೆ ಕೇಳಲಿಲ್ಲ. ಕೇಳದೆ ಇರುವುದು ಕೆಲವು ದಿನಕ್ಕೆ ಅಭ್ಯಾಸವಾಗುತ್ತದೆ, ಬಾವಿಗೆ ಹೋಗಿಬರುವ ಹಾಗೆ.

ಅದೇ ಮಳೆಗಾಲದಲ್ಲಿ ನನ್ನನ್ನು ಕೇಸಿನ ಮುಂದೆ ನಿಲ್ಲಿಸಿದರು. "ಕೈಗೊಂದು ಕೆಲಸ ಕಲ್ತಿರು. ನಾನು ಊರಲ್ಲಿ ಇಲ್ಲದಾಗ ಪ್ರೂಫಾದ್ರೂ ತೆಗೀತೀಯ," ಅಂದರು.

ಎಡಗೈಯಲ್ಲಿ ಸ್ಟಿಕ್ಕು ಹಿಡಿಯಬೇಕು. ಅದು ಕಬ್ಬಿಣದ ಒಂದು ಉದ್ದ ತಟ್ಟೆ, ಮೂರು ಕಡೆ ಅಂಚು. ಬಲಗೈಯಿಂದ ಒಂದೊಂದೇ ಮೊಳೆ ಎತ್ತಿ ಅದರಲ್ಲಿ ಇಡುತ್ತಾ ಹೋಗಬೇಕು. ಪ್ರತಿ ಮೊಳೆಯ ಮೈ ಮೇಲೂ ಒಂದು ಗೀರು ಇರುತ್ತದೆ. ಎಲ್ಲ ಗೀರುಗಳೂ ಒಂದೇ ಕಡೆಗೆ ಬಂದರೆ ಅಕ್ಷರ ಸರಿಯಾಗಿ ಕೂತಿದೆ ಅಂತ ಅರ್ಥ. ಅಕ್ಷರಗಳು ತಲೆಕೆಳಗಾಗಿ ನಿಂತಿರುತ್ತವೆ, ಓದುವುದು ಮಾತ್ರ ಎಡದಿಂದ ಬಲಕ್ಕೇ. ಮೊದಲ ವಾರ ನಾನು ಮಾಡಿದ್ದೆಲ್ಲ ಉಲ್ಟಾ. ನನ್ನ ಕಣ್ಣಿಗೆ ನೆಟ್ಟಗೆ ಕಂಡ ಹಾಗೆ ಇಡುತ್ತಿದ್ದೆ, ಕಾಗದದ ಮೇಲೆ ಕೊನೆಯ ಮಾತು ಮೊದಲು ಬಂದು ಕೂರುತ್ತಿತ್ತು. ಅವರು ಸ್ಟಿಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು, ಗೀರುಗಳ ಮೇಲೆ ಹೆಬ್ಬೆರಳು ಒಂದು ಸಲ ಎಳೆದು, "ಮತ್ತೆ," ಅನ್ನುತ್ತಿದ್ದರು. ಎಷ್ಟು ಪಳಗಿದ ಕೈ, ನೋಡದೆಯೇ ಹೇಳುತ್ತಾರಲ್ಲ, ಅಂದುಕೊಳ್ಳುತ್ತಿದ್ದೆ.

ಗೀರು ಸರಿ ಬಂದ ದಿನ, "ನಿನಗೆ ತಿಳಿದ ಒಂದು ಮಾತು ಜೋಡಿಸು, ಅಚ್ಚು ತೆಗೆಯಣ," ಅಂದರು. ಏನು ಜೋಡಿಸಲಿ ಅಂತ ನಿಂತೆ. ನನಗೆ ದಿನಾ ಬಾಯಿಗೆ ಬರುವುದು ಒಂದೇ ಮಾತು. ಅನ್ನ ಆಗಿದೆ ಊಟಕ್ಕೆ ಬನ್ನಿ, ಅಂತ ಜೋಡಿಸಿದೆ. ಅಷ್ಟಕ್ಕೆ ಅರ್ಧ ತಾಸು ಹಿಡಿಯಿತು. ಶಾಯಿ ಹಚ್ಚಿ, ಕಾಗದ ಇಟ್ಟು, ಮೇಲಿಂದ ಒತ್ತಿ ತೆಗೆದರೆ ಇಡೀ ಸಾಲು ಒಂದಕ್ಕೊಂದು ಅಂಟಿಕೊಂಡು ಒಂದೇ ಮಾತಾಗಿ ಬಂದಿತ್ತು.

"ಓದು," ಅಂದರು.

ನಾನು ಓದಿದೆ. ನನಗೆ ಗೊತ್ತಿದ್ದ ಮಾತಲ್ಲವೇ, ಬಿಡಿಸಿಯೇ ಓದಿದೆ.

ಅವರು ಮೊಳೆಗಳ ಮೇಲೆ ಬೆರಳು ಆಡಿಸಿದರು. "ನಡುವೆ ಏನೂ ಇಟ್ಟಿಲ್ಲಲ್ಲ ನೀನು."

"ಜಾಗ ಬಿಟ್ಟರೆ ಆಯ್ತಲ್ಲ?"

"ಬಿಟ್ಟಿದ್ದು ನಿಲ್ಲಬೇಕಲ್ಲ? ಕೈಯಲ್ಲಿ ಬರಿಯೋವಾಗ ಸುಮ್ಮನೆ ಬಿಡ್ತೀವಿ. ಇಲ್ಲಿ ಸುಮ್ಮನೆ ಬಿಡೋದು ಅನ್ನೋದೇ ಇಲ್ಲ. ಖಾಲಿ ಜಾಗಕ್ಕೂ ಒಂದು ಮೊಳೆ ಬೇಕು. ಶಾಯಿ ಹತ್ತದ ಗಿಡ್ಡ ಮೊಳೆ," ಅಂತ ಕೇಸಿನ ಮಧ್ಯದ ದೊಡ್ಡ ಮನೆಗೆ ಕೈ ಹಾಕಿ ಮೂರು ತುಂಡು ಸೀಸ ಎತ್ತಿ ಕೊಟ್ಟರು.

ನಮ್ಮತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಊಟಕ್ಕೆ ಬನ್ನಿ ಅಂತ ಅಚ್ಚು ಹಾಕ್ಸಿ ಕರೀತಾಳೆ ನೋಡು ನಮ್ಮ ಸೊಸಿ. ನಾಳೆ ಸಾರಿಗೆ ಉಪ್ಪು ಕಮ್ಮಿ ಐತೆ ಅಂತ ನಾನೂ ಒಂದು ಕಾಗದ ಹಾಕಿಸ್ತೀನಿ. ನೂರು ಪ್ರತಿ," ಅಂದರು.

"ನೂರು ಸಾಲಲ್ಲ ಅವ್ವ, ವರ್ಷಕ್ಕೆ," ಅಂದರು ಮಗ.

ಆಮೇಲೆ ಸಾಲು ಬಿಗಿ ಮಾಡುವುದು ಕಲಿತೆ. ಪ್ರತಿ ಸಾಲೂ ಸ್ಟಿಕ್ಕಿನ ಅಗಲಕ್ಕೆ ಸರಿಯಾಗಿ ತುಂಬಬೇಕು; ಸಡಿಲವಿದ್ದರೆ ಮೊಳೆ ಬಿದ್ದುಹೋಗುತ್ತದೆ. ಜೋಡಿಸಿ ಮುಗಿದ ಪುಟಕ್ಕೆ ದಾರ ಸುತ್ತುವುದು ಕಲಿತೆ. ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ ತುದಿಯನ್ನು ಮೂಲೆಯಲ್ಲಿ ಒಳಕ್ಕೆ ಒತ್ತಬೇಕು, ಗಂಟು ಹಾಕಬಾರದು. ಕಲಿತೆ ಅಂದರೆ ಕೈ ಕಲಿಯಿತು. ನಾನು ಅಲ್ಲಿ ನಿಂತಿರುತ್ತಿದ್ದೆ, ಅಷ್ಟೆ. ಅಡಿಗೆಮನೆಯಲ್ಲೂ ಹಾಗೇ ನಿಂತಿರುತ್ತಿದ್ದೆ.

ಕೈಗೆ ಹತ್ತದೆ ಉಳಿದದ್ದು ಒಂದೇ, ಕೇಸಿನ ಮನೆಗಳು. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ. ನಮಗೆ ಕ ಬೇರೆ, ಕಾ ಬೇರೆ, ಕಿ ಬೇರೆ. ಅಕ್ಷರದ ಕೆಳಗೆ ಬರುವ ಒತ್ತುಗಳದ್ದೇ ಇನ್ನೊಂದು ಕೇಸು. ಅಷ್ಟೂ ಮನೆಗಳಲ್ಲಿ ಯಾವುದೂ ನಾನು ಶಾಲೆಯಲ್ಲಿ ಕಲಿತ ಕ್ರಮದಲ್ಲಿರಲಿಲ್ಲ. ದ ಪಕ್ಕದಲ್ಲಿ ರ, ಅದರ ಮೇಲೆ ನ, ಎಲ್ಲೋ ಮೂಲೆಯಲ್ಲಿ ಘ. ಹೆಚ್ಚು ಬೇಕಾಗುವುದು ಕೈಗೆ ಹತ್ತಿರ, ಕಮ್ಮಿ ಬೇಕಾಗುವುದು ದೂರ, ಅಂತ ಅವರು ವಿವರಿಸಿದರು. ನ್ಯಾಯವೇ. ಆದರೆ ಒಂದೊಂದು ಅಕ್ಷರಕ್ಕೂ ನಾನು ಕೋಳಿ ಕಾಳು ಹುಡುಕುವ ಹಾಗೆ ಕೇಸಿನ ತುಂಬ ಹುಡುಕಬೇಕಾಗುತ್ತಿತ್ತು. ಅವರ ಕೈ ಮಾತ್ರ ತಾನಾಗಿ ಹೋಗಿ ತಾನಾಗಿ ಬರುತ್ತಿತ್ತು. ಕಿಟಕಿಯ ಕಡೆ ಮುಖ ಮಾಡಿಕೊಂಡು ಗಿರಾಕಿಯ ಜೊತೆ ಮಳೆ ಬೆಳೆ ಮಾತಾಡುತ್ತಲೇ ಒಂದು ಮದುವೆ ಕಾಗದ ಮುಗಿಸಿಬಿಡುತ್ತಿದ್ದರು. ಗಿರಾಕಿ ಬರೆದು ತಂದದ್ದನ್ನು ತಾವು ಓದುತ್ತಿರಲಿಲ್ಲ. "ನಿಮ್ಮ ಬಾಯಿಂದಲೇ ಓದ್ರೀ, ಹೆಸರು ತಪ್ಪಬಾರದು," ಅನ್ನುತ್ತಿದ್ದರು. ಎಂಥ ಜಾಗ್ರತೆ ಮನುಷ್ಯನಿಗೆ, ಅಂತ ಜನ ಹೊಗಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ.

ಮಹಾನವಮಿಗೆ ಎಲ್ಲರ ಹಾಗೆ ನಾವೂ ಆಯುಧ ಪೂಜೆ ಮಾಡುತ್ತಿದ್ದೆವು. ರೈತರು ನೇಗಿಲು ಇಡುತ್ತಾರೆ, ಬಡಗಿ ಉಳಿ ಇಡುತ್ತಾನೆ, ನಮ್ಮದು ಮಷೀನು ಮತ್ತು ಮೊಳೆ. ಪೂಜೆಯ ಹಿಂದಿನ ದಿನ ಎಲ್ಲವನ್ನೂ ತೊಳೆದು ಒರೆಸಬೇಕು. ಪೂಜೆ ಮಾಡಿದ ಮೇಲೆ ವಿಜಯದಶಮಿ ಕಳೆಯುವ ತನಕ ಯಾವುದನ್ನೂ ಮುಟ್ಟಬಾರದು. ಆ ವರ್ಷ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅವರು ಬಾಳೆಕಂದು ತರಲು ಹೋಗಿದ್ದರು, ಪಕ್ಕದ ಮನೆಯವರ ಗಾಡಿಯಲ್ಲಿ ಕೂತು.

ಕೇಸಿನ ಮನೆಗಳಲ್ಲಿ ಧೂಳು, ಜಿರಳೆ ಹಿಕ್ಕೆ. ಮುಂದಿನ ಎರಡು ಕೇಸುಗಳನ್ನು ಪೂರ್ತಿ ಬರಿದು ಮಾಡಿದೆ. ಮೊರಗಳಲ್ಲಿ, ತಟ್ಟೆಗಳಲ್ಲಿ, ಚಾಪೆಯ ಮೇಲೆ ಅಕ್ಷರಗಳನ್ನು ಬೇರೆ ಬೇರೆ ಗುಡ್ಡೆ ಮಾಡಿ, ಕೇಸನ್ನು ಒರೆಸಿ ಬಿಸಿಲಿಗಿಟ್ಟೆ. ತಿರುಗಿ ತುಂಬುವಾಗ, ತುಂಬುವುದು ತುಂಬುತ್ತೀನಲ್ಲ, ಇದನ್ನು ನೆಟ್ಟಗೆ ಮಾಡಿದರೇನು, ಅನ್ನಿಸಿತು. ಮನೆಯಲ್ಲಿ ಡಬ್ಬಿಗಳನ್ನು ಸಾಲಾಗಿ ಇಟ್ಟ ಹಾಗೆ ಕ, ಕಾ, ಕಿ, ಕೆ, ಆಮೇಲೆ ಖ, ಆಮೇಲೆ ಗ, ಹೀಗೆ ಳ ವರೆಗೆ ಕಾಗುಣಿತದಂತೆ ಎರಡೂ ಕೇಸು ತುಂಬಿದೆ. ಖಾಲಿ ಜಾಗದ ಗಿಡ್ಡ ಮೊಳೆಗಳು ನಡುವಿನ ದೊಡ್ಡ ಮನೆಗೇ ಹೋದವು. ಒತ್ತುಗಳ ಕೇಸನ್ನು ಸಾಕಾಗಿ ಮುಟ್ಟದೆ ಬಿಟ್ಟೆ. ಮುಗಿದಾಗ ಒಂದು ಅಕ್ಷರ ಹುಡುಕಿ ನೋಡಿದೆ. ಥಟ್ಟನೆ ಸಿಕ್ಕಿತು.

ಅವರಿಗೆ ಹೇಳಲಿಲ್ಲ. ಬಂದು ನೋಡುತ್ತಾರೆ, ಏನಾದರೂ ಅನ್ನುತ್ತಾರೆ, ಬೈದರೂ ಬೈಯಲಿ, ಅಂತ ಕಾದೆ. ಮಾರನೇ ದಿನ ಅವರೇ ಕೇಸಿನ ಅಂಚಿಗೆ ವಿಭೂತಿ ಎಳೆದರು, ಹೂವು ಇಟ್ಟರು, ಕರ್ಪೂರ ಹಚ್ಚಿದರು. ಏನೂ ಅನ್ನಲಿಲ್ಲ. ಅವರಿಗೆ ಒಪ್ಪಿಗೆ ಆಯಿತು ಅಂತ ತಿಳಿದೆ. ಕೇಳಬಹುದಿತ್ತು. ಕೇಳದೆ ಇರುವುದು ಅಭ್ಯಾಸವಾಗಿತ್ತು ಅಂತ ಆಗಲೇ ಬರೆದೆನಲ್ಲ.

ವಿಜಯದಶಮಿಯ ಮಾರನೇ ದಿನ, ಮೊದಲೇ ಪಟ್ಟಿ ಕೊಟ್ಟೆನಲ್ಲ, ಆ ದಿನ, ಬೆಳಗಿನ ಬಸ್ಸಿಗೆ ಸೊರಬದಿಂದ ಒಬ್ಬರು ಬಂದರು. ನಮ್ಮ ಜನವೇ, ಅಂಗಡಿ ಇಟ್ಟವರು. ಸೊರಬದ ಕಡೆಯವರು ಕಾಗದ ಹಾಕಿಸಬೇಕೆಂದರೆ ಸಾಗರಕ್ಕೆ ಹೋಗುತ್ತಿದ್ದರು, ಇಲ್ಲವೇ ನಮ್ಮಲ್ಲಿಗೆ ಬರುತ್ತಿದ್ದರು. ಇವರು ಹಿಂದಿನ ವರ್ಷ ತಂಗಿಯ ಮದುವೆ ಕಾಗದಕ್ಕೆ ಬಂದು ಹೋಗಿದ್ದರು. ಈ ಸಲ ತಲೆಗೆ ಎಣ್ಣೆ ಇರಲಿಲ್ಲ, ಗಡ್ಡ ಬಿಟ್ಟಿದ್ದರು.

"ಅಪ್ಪ ಹೋಗ್ಬಿಟ್ರು ಅಣ್ಣಾರೆ, ಮೂರು ದಿನ ಆತು," ಅಂದರು. "ಬರೋ ಸೋಮವಾರ ಶಿವಗಣಾರಾಧನೆ ಇಟ್ಕಂಡೀವಿ. ನೂರೈವತ್ತು ಕಾಗದ ಬೇಕು. ಮೂರೂವರೆ ಬಸ್ಸಿಗೆ ಕೈಗೆ ಸಿಕ್ರೆ ಇವತ್ತೇ ಸಂಜೆಯಿಂದ ಹಂಚೂದು ಅಂತ. ಇಲ್ದಿದ್ರೆ ಊರಿಂದೂರಿಗೆ ತಲುಪೂದೇ ಇಲ್ಲ."

ಒಳಬಾಗಿಲಲ್ಲಿ ಕೂತಿದ್ದ ಅತ್ತೆಗೆ ಕೇಳಿಸಿತು. ಅವರು ನನ್ನ ಕಡೆ ತಿರುಗಿ ಮೆಲ್ಲಗೆ, "ಹಬ್ಬ ಕಳದು ಮೊದಲ ಕೆಲಸ ಸಾವಿನ ಕಾಗದಾನ?" ಅಂದರು. ಮೆಲ್ಲಗೆ ಅಂದದ್ದೂ ಮಗನಿಗೆ ಕೇಳಿತು. ಅವರ ಕಿವಿ ಅಷ್ಟು ಚುರುಕಾಗಿತ್ತು ಆಗ.

"ಸಾಯೋರು ಪಂಚಾಂಗ ನೋಡ್ಕಂಡು ಸಾಯ್ತಾರೇನವ್ವ," ಅಂದರು. ಗಿರಾಕಿಗೆ, "ಕೂತ್ಕಳ್ರಿ. ಮಧ್ಯಾಹ್ನಕ್ಕೆ ಕೊಡ್ತೀನಿ. ಓದ್ರಿ," ಅಂದರು.

ಸೊರಬದವರು ಬೆಂಚಿನ ಮೇಲೆ ಕೂತು ಓದತೊಡಗಿದರು. ನಮ್ಮ ಪೂಜ್ಯ ತಂದೆಯವರು ಲಿಂಗೈಕ್ಯರಾದ ಪ್ರಯುಕ್ತ, ಅಂತ ಶುರುವಾಯಿತು. ಓದುತ್ತಾ ಓದುತ್ತಾ ಒಂದೆರಡು ಕಡೆ ನಿಲ್ಲಿಸಿ, ಹಾಳೆ ನೇವರಿಸಿ ಮುಂದುವರಿದರು. ನಮ್ಮನೆಯವರ ಕೈ ನಿಲ್ಲಲಿಲ್ಲ. ಮೊಳೆ ಸ್ಟಿಕ್ಕಿಗೆ ಬೀಳುವ ಟಕಟಕ ಸದ್ದು ಎಂದಿನಂತೆಯೇ ಇತ್ತು. ನಾನು ರೋಲರಿಗೆ ಶಾಯಿ ಹಾಕುತ್ತಾ ನಿಂತಿದ್ದೆ. ಅವರ ಕೈ ಹೊಸ ಜಾಗಗಳಿಗೆ ಹೋಗುತ್ತದೋ ಹಳೇ ಜಾಗಗಳಿಗೋ ಅಂತ ನಾನು ಗಮನಿಸಲಿಲ್ಲ. ಗಮನಿಸಿದ್ದರೆ ಆಗಲೇ ತಿಳಿಯುತ್ತಿತ್ತು.

"ಯಾಕೋ ಇವತ್ತು ಸಾಲು ಉದ್ದುದ್ದ ಬರ್ತಾವೆ," ಅಂತ ಒಂದು ಸಲ ಅಂದರು. ಬೆರಳುಗಳ ನಡುವೆ ಒಂದು ಮೊಳೆ ಹೊರಳಿಸಿ ತಡೆದರು. ಸೊರಬದವರು ಮುಂದಿನ ಸಾಲು ಓದಿದರು. ಇವರು ಮುಂದುವರಿದರು. ಗಿರಾಕಿ ಎದುರಿಗೆ ಕೂತಿದ್ದರಲ್ಲ.

ಪುಟ ಮುಗಿಯಿತು. ದಾರ ಸುತ್ತಿ, ಪ್ರೂಫು ತೆಗೆಯಲು ನನ್ನ ಕಡೆ ಸರಿಸಿದರು. ನಾನು ಶಾಯಿ ಹಚ್ಚಿ, ಕಾಗದ ಹಾಸಿ, ಒತ್ತಿ ತೆಗೆದೆ.

ಕಾಗದದ ಮೇಲೆ ಒಂದು ಮಾತೂ ಇರಲಿಲ್ಲ. ಅಕ್ಷರಗಳಿದ್ದವು. ಹದಿನಾಲ್ಕು ಸಾಲು, ಎಲ್ಲ ನೆಟ್ಟಗೆ, ಎಲ್ಲ ಬಿಗಿಯಾಗಿ, ಮಾತಿನಿಂದ ಮಾತಿಗೆ ಜಾಗ ಸಮನಾಗಿ. ಯಾವ ಭಾಷೆಯೂ ಅಲ್ಲ. ಲಿಂಗೈಕ್ಯ ಇರಬೇಕಾದ ಕಡೆ ಯಾವುದೋ ಅಕ್ಷರದ ಕೆಳಗೆ ಯ ಒತ್ತು ಒಂದೇ ಸರಿಯಾಗಿ ಜೋತು ಬಿದ್ದಿತ್ತು. ಒತ್ತುಗಳ ಕೇಸನ್ನು ನಾನು ಮುಟ್ಟಿರಲಿಲ್ಲ.

ಎರಡು ವಿಷಯ ಒಟ್ಟಿಗೆ ತಿಳಿದವು. ನಾನು ಏನು ಮಾಡಿದ್ದೇನೆ ಅನ್ನುವುದು ಒಂದು. ಕೇಸಿನ ಕಡೆ ಅರೆಗಣ್ಣಲ್ಲಿ ನೋಡಿದವರಿಗೂ ಅದು ಗೊತ್ತಾಗಬೇಕಿತ್ತು, ಇವರಿಗೆ ಗೊತ್ತಾಗಿಲ್ಲ ಅನ್ನುವುದು ಇನ್ನೊಂದು. ಮಂಜು ಅಲ್ಲ. ಇವರಿಗೆ ಏನೂ ಕಾಣುತ್ತಿಲ್ಲ. ಕೈಯಲ್ಲಿ ಒದ್ದೆ ಕಾಗದ ಹಿಡಿದು, ಶಾಯಿ ಒಣಗಬೇಕು, ಮಡಚಿದರೆ ಮೆತ್ತುತ್ತದೆ, ಅಂತ ಯೋಚಿಸುತ್ತಾ ನಿಂತಿದ್ದೆ.

"ಬಂತಾ? ಕೊಡಿ ಅಕ್ಕಾರೆ, ನೋಡಣ," ಅಂತ ಸೊರಬದವರು ಎದ್ದರು.

"ಶಾಯಿ ಸರಿಯಾಗಿ ಹಿಡಿದಿಲ್ಲ, ಇನ್ನೊಂದು ತೆಗೀಬೇಕು," ಅಂದೆ. "ಬೆಳಿಗ್ಗೆ ಊರು ಬಿಟ್ಟವರು ನೀವು. ಒಳಗೆ ಬನ್ನಿ, ಎರಡು ರೊಟ್ಟಿ ತಿನ್ನಿ."

"ಬ್ಯಾಡ ಮಾರಾಯ್ರೆ, ಹಸಿವೇ ಇಲ್ಲ."

"ಹಸಿವು ಇಲ್ಲದೋರೇ ಜಾಸ್ತಿ ಉಣ್ಣೋದು, ಬಾರಪ್ಪ," ಅಂತ ಅತ್ತೆ ಒಳಗಿಂದ ಕರೆದರು. "ನಿಮ್ಮಪ್ಪ ಹೆಂಗೆ ಹೋದ್ರು, ಹೇಳು ಬಾ." ಅವರು ಒಳಗೆ ಹೋದರು. ಅತ್ತೆಗೆ ಸಾವಿನ ಸುದ್ದಿ ಕೇಳುವುದು ಇಷ್ಟ. ಅರ್ಧ ತಾಸಾದರೂ ಬಿಡುವುದಿಲ್ಲ ಅಂತ ಗೊತ್ತಿತ್ತು.

ನಾನು ನಮ್ಮನೆಯವರ ಹತ್ತಿರ ಹೋಗಿ ನಿಂತೆ.

"ರೀ, ಮುಂದಿನ ಎರಡು ಕೇಸನ್ನ ನಾನು ಕಾಗುಣಿತದ ಪ್ರಕಾರ ಜೋಡ್ಸಿದೀನಿ. ಹಬ್ಬಕ್ಕೆ ತೊಳೆದಾಗ."

ಅವರು ಬಲಗೈ ಚಾಚಿ ಒಂದು ಮನೆಗೆ ಇಳಿಸಿ, ಒಂದು ಮೊಳೆ ಎತ್ತಿ, ಅದರ ಮುಖವನ್ನು ಹೆಬ್ಬೆರಳಲ್ಲಿ ಸವರಿದರು.

"ಇದೇನು?"

"ಟ."

"ಇಲ್ಲಿ ನ ಇತ್ತು." ಇನ್ನೊಂದು ಮನೆಗೆ ಕೈ ಹೋಯಿತು. "ಇದು?"

"ಟಿ."

"ಇಲ್ಲಿ ದ."

ಮೊಳೆಗಳನ್ನು ಅಲ್ಲಲ್ಲೇ ಹಾಕಿದರು. ತಪ್ಪು ಮನೆಗೆ ಬೀಳದ ಹಾಗೆ, ಎತ್ತಿದಲ್ಲಿಗೇ.

"ನಿಮಗೆ ಕಾಣಲ್ಲ," ಅಂದೆ.

"ಬೆಳಕು ಕಾಣ್ತದೆ. ನೀನು ಎದುರಿಗೆ ಬಂದ್ರೆ ಒಂದು ಕಪ್ಪು ಕಾಣ್ತದೆ." ಕೇಸಿನ ಅಂಚು ತಡವಿ, "ಹಳೇದರ ಹಂಗೆ ಹಾಕೋಕೆ ಎಷ್ಟು ಹೊತ್ತು ಬೇಕು?" ಅಂದರು.

"ಎರಡು ದಿನ ಬೇಕು. ಯಾವುದು ಎಲ್ಲಿತ್ತು ಅಂತ ನನಗೂ ಪೂರ್ತಿ ನೆನಪಿಲ್ಲ."

"ನನಗೆ ನೆನಪೈತೆ." ಆದರೆ ನೆನಪಿದ್ದು ಆಗಬೇಕಾದ್ದೇನಿತ್ತು? ಗಡಿಯಾರದಲ್ಲಿ ಹನ್ನೊಂದು ಹೊಡೆದಿತ್ತು. ಅವರು ಬಗ್ಗಿ ಬೆಂಚಿನ ಮೇಲೆ ತಡವಿ, ಸೊರಬದವರು ಬಿಟ್ಟು ಹೋಗಿದ್ದ ಹಾಳೆ ಹುಡುಕಿ ನನ್ನ ಕೈಗೆ ಕೊಟ್ಟರು. ಮತ್ತೆ ಸ್ಟಿಕ್ಕನ್ನೂ ಕೊಟ್ಟರು.

"ನಿನ್ನ ಕೇಸು. ನೀನೇ ಜೋಡ್ಸು."

ಅಲ್ಲಿಯವರೆಗೆ ನಾನು ಒಂದೇ ಸಲಕ್ಕೆ ಮೂರು ಸಾಲಿಗಿಂತ ಹೆಚ್ಚು ಜೋಡಿಸಿದ್ದಿಲ್ಲ. ಹಾಳೆಯನ್ನು ಕೇಸಿನ ತಲೆಗೆ ಸಿಕ್ಕಿಸಿ ಶುರು ಮಾಡಿದೆ. ನ, ಮ, ಅದರ ಒತ್ತು. ಮನೆಗಳು ಸಿಕ್ಕುತ್ತಿದ್ದವು, ಹುಡುಕಬೇಕಾಗಲಿಲ್ಲ. ಒತ್ತುಗಳಿಗೆ ಮಾತ್ರ ಅವರನ್ನು ಕೇಳುತ್ತಿದ್ದೆ. ಅವರು ನೋಡದೆ ಎತ್ತಿ ಕೊಡುತ್ತಿದ್ದರು. ಒಂದು ಸಾಲು ತುಂಬಿದರೆ ಸ್ಟಿಕ್ಕನ್ನು ಅವರ ಕಡೆ ಹಿಡಿಯುತ್ತಿದ್ದೆ. ಹೆಬ್ಬೆರಳು ಎಳೆದು, "ಸಡಿಲ," ಅನ್ನುತ್ತಿದ್ದರು. ಇಲ್ಲವೇ, "ಹೂಂ." ಒಳಗೆ ಸೊರಬದವರು ತಮ್ಮ ತಂದೆ ಕೊನೇ ದಿನ ಏನು ಕೇಳಿದರು, ಎಷ್ಟು ಹಾಲು ಕುಡಿದರು ಅಂತ ಹೇಳುತ್ತಿದ್ದರು. ಅತ್ತೆ ನಡುನಡುವೆ, "ಪುಣ್ಯವಂತರು," ಅನ್ನುತ್ತಿದ್ದರು.

ಏಳನೇ ಸಾಲಿನಲ್ಲಿದ್ದೆ. ಸೊರಬದವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಮೊದಲು ಕೇಸಿನ ಮುಂದೆ ನಿಂತ ನನ್ನನ್ನು ನೋಡಿದರು, ಆಮೇಲೆ ಪಕ್ಕದಲ್ಲಿ ಬರಿಗೈಯಲ್ಲಿ ನಿಂತ ಅವರನ್ನು. ಮೇಜಿನ ಮೇಲಿದ್ದ ಪ್ರೂಫು ಕಾಗದವನ್ನೂ ನೋಡಿದರು. ಅದನ್ನು ಮುಚ್ಚಿಡುವುದು ನನಗೆ ಹೊಳೆದಿರಲಿಲ್ಲ.

"ಇದೆಂತದು ಅಣ್ಣಾರೆ?" ಅಂದರು. ಕಾಗದ ಎತ್ತಿ ತಿರುಗಿಸಿ ನೋಡಿದರು. "ನಾನು ಓದಿದ್ದು ಇದಲ್ಲ. ಅಕ್ಕಾರು ಯಾಕೆ ಜೋಡಿಸ್ತಿದಾರೆ?"

ನಮ್ಮನೆಯವರು ಕೈ ಉಳುಕಿದೆ ಅನ್ನುತ್ತಾರೆ ಅಂತ ನಾನು ತಿಳಿದೆ. ನಾನೇ ಹಾಗೆ ಹೇಳಿಬಿಡೋಣ ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಹೇಳಿದರು.

"ನಂಗೆ ಕಣ್ಣು ಕಾಣಲ್ರೀ."

"ಯಾವಾಗಿಂದ?"

"ಒಂದು ವರ್ಷದ ಮೇಲಾತು. ಕೇಸಿನ ಗುರುತಿನ ಮೇಲೆ ಕೈ ಓಡ್ತಿತ್ತು. ಈಗ ಗುರುತು ಬದಲಾಗೈತೆ. ಇದು ನನ್ನ ತಪ್ಪು, ಇವಳದ್ದಲ್ಲ. ನಾನು ಹೇಳಿರ್ಲಿಲ್ಲ."

ಸೊರಬದವರು ಬೆಂಚಿನ ಮೇಲೆ ಕೂತರು. ಬಸ್ಸು ನಿಲ್ಲುವ ಕಡೆ ಒಂದು ಸಲ ನೋಡಿದರು. ಎದ್ದು ಸಾಗರಕ್ಕೆ ಹೋಗುತ್ತಾರೆ ಅಂದುಕೊಂಡೆ. ಹೋದರೆ ಈ ಮಾತು ಅವರ ಜೊತೆಗೇ ಊರೂರು ಸುತ್ತುತ್ತದೆ, ಹೋಗದಿದ್ದರೂ ಸುತ್ತುತ್ತದೆ. ನಾನು ಎಂಟನೇ ಸಾಲಿಗೆ ಮೊಳೆ ಎತ್ತಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

"ಹಂಗಾರೆ ಹೋದ ವರ್ಷ ತಂಗಿ ಮದುವೆ ಕಾಗದ?" ಅಂದರು ಸೊರಬದವರು.

"ಅದು ನಾನೇ ಮಾಡಿದ್ದು."

"ಕಣ್ಣಿಲ್ದೆ?"

"ಕಣ್ಣಿಲ್ದೆ."

"ಅದ್ರಲ್ಲಿ ಒಂದು ತಪ್ಪಿರ್ಲಿಲ್ಲ, ಅಲ್ದಾ? ನಮ್ಮ ಬೀಗರು ಜಗಳಕ್ಕೆ ಕಾರಣ ಹುಡುಕೋ ಜನ. ಕನ್ನಡಕ ಹಾಕ್ಕಂಡು ಎರಡು ಸಲ ಓದಿದ್ರು. ಏನೂ ಸಿಕ್ಲಿಲ್ಲ ಅವರಿಗೆ." ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. "ಆಗ್ಲಿ. ನಮ್ಮಪ್ಪನ ಹೆಸರೊಂದು ಸರಿ ಬರ್ಲಿ ಅಕ್ಕಾರೆ. ನಾನು ಕೂತಿರ್ತೀನಿ."

ಒಂದೂವರೆಗೆ ಮುಗಿಯಿತು. ದಾರ ನಮ್ಮನೆಯವರು ಸುತ್ತಿದರು. ಪ್ರೂಫು ತೆಗೆದರೆ ಮೂರು ತಪ್ಪು. ಒಂದು ಲ ತಲೆಕೆಳಗು, ಎರಡು ಕಡೆ ಅಕ್ಷರ ಬಿಟ್ಟುಹೋಗಿತ್ತು. ಸೊರಬದವರು ಬೆರಳಿಟ್ಟು ತೋರಿಸಿದರು, ನಾನು ಚಿಮಟದಲ್ಲಿ ಎತ್ತಿ ತಿದ್ದಿದೆ. ಎರಡನೇ ಪ್ರೂಫನ್ನು ಅವರು ತಂದೆಯ ಹೆಸರಿನಿಂದ ಶುರುಮಾಡಿ ಕೊನೆಯವರೆಗೆ ಗಟ್ಟಿಯಾಗಿ ಓದಿದರು, ಈ ಸಲ ಎಲ್ಲೂ ನಿಲ್ಲಿಸಲಿಲ್ಲ. "ಸರಿ ಐತೆ," ಅಂದರು.

ಟ್ರೆಡಲ್ಲನ್ನು ನಾನು ತುಳಿಯಲು ಹೋದೆ. ನಮ್ಮನೆಯವರು ತಡೆದರು. "ಇದಕ್ಕೆ ಕಣ್ಣು ಬೇಡ."

"ಬೆರಳು ಸಿಕ್ಕಂಡ್ರೆ?"

"ಒಂದು ವರ್ಷದಿಂದ ಸಿಕ್ಕಂಡಿಲ್ಲ. ಇವತ್ತು ಸಿಕ್ಕಂಬೇಕಾ?" ಅಂತ ತುಳಿಯಲು ನಿಂತರು. ಅಚ್ಚಾದ ಕಾಗದ ಎಡಗೈಯಿಂದ ತೆಗೆಯುವುದು, ಹೊಸದನ್ನು ಬಲಗೈಯಿಂದ ಇಡುವುದು. ನಾನು ಒಂದೊಂದನ್ನೂ ಹಳೇ ಪೇಪರಿನ ಮೇಲೆ ಹರವಿದೆ. ಮೂರು ಗಂಟೆಗೆ ಕಟ್ಟು ಕಟ್ಟಿ ಕೊಟ್ಟೆ. ಸೊರಬದವರು ಶರಣು ಅಂದು ಹೊರಟರು. ಯಾರಿಗೂ ಹೇಳಬೇಡಿ ಅಂತ ಅವರಿಗೆ ನಾವು ಅನ್ನಲಿಲ್ಲ. ಬಸ್ಸು ಶಿರಾಳಕೊಪ್ಪದ ಕಡೆ ಹೋದ ಸದ್ದು ಕೇಳಿತು.

ಪುಟ ಬಿಚ್ಚಿ ಮೊಳೆಗಳನ್ನು ಮನೆಗಳಿಗೆ ಹಾಕಬೇಕಿತ್ತು. "ನಾಳೆಯಿಂದ ನೀವು ಹೇಳ್ತಾ ಹೋಗ್ರಿ, ಹಳೇ ಕ್ರಮದಲ್ಲೇ ಹಾಕಿಬಿಡ್ತೀನಿ. ಎರಡು ದಿನ, ಮೂರು ದಿನ," ಅಂದೆ.

ಅವರು ಬೆಂಚಿನ ಮೇಲೆ ಕೂತಿದ್ದರು. ಗಿರಾಕಿ ಕೂರುವ ಜಾಗದಲ್ಲಿ ಅವರು ಕೂತದ್ದನ್ನು ನಾನು ಮೊದಲು ನೋಡಿದ್ದು ಆವತ್ತೇ.

"ಬೇಡ," ಅಂದರು.

"ಯಾಕೆ?"

"ಹಾಕಿ ಏನು ಮಾಡ್ತೀಯ? ಇವತ್ತು ಇವರು ಕೂತ್ರು. ಎಲ್ಲಾರೂ ಕೂರಲ್ಲ. ಕಣ್ಣಿಲ್ಲದೋನ ಕೈಗೆ ತಮ್ಮ ಹೆಸರು ಯಾರು ಕೊಡ್ತಾರೆ? ನಿನ್ನ ಕೈಗೆ ಕೊಡ್ತಾರೆ, ನಿಂಗೆ ಕಾಣ್ತದೆ. ನಿನ್ನ ಕ್ರಮದಾಗೇ ಇರ್ಲಿ. ದಾರ ಸುತ್ತೋದು, ಮಷೀನು ತುಳಿಯೋದು ನಂಗೆ ಬಿಡು."

ನಾನು ಹೂಂ ಅಂದೆ. ಅಳು ಬರಬೇಕಿತ್ತೋ ಏನೋ. ಸಾವಿನ ಕಾಗದದ ಒಂದೊಂದು ಸಾಲನ್ನೇ ಬಿಚ್ಚಿ, ತೊಳೆದು, ಅಕ್ಷರಗಳನ್ನು ಅವುಗಳ ಮನೆಗೆ ಹಾಕಿದೆ. ಸೊರಬದವರ ತಂದೆಯ ಹೆಸರು ಐದು ಅಕ್ಷರ, ಐದು ಮನೆಗೆ ಹೋಯಿತು. ಮಜ್ಜಿಗೆ ಕಡೆಯಲು ಹೊತ್ತಾಗಿತ್ತು.

ದೀಪ ಹಚ್ಚುವ ಹೊತ್ತಿಗೇ ಊಟಕ್ಕೆ ಕೂತೆವು. ಬೆಳಗಿನ ರೊಟ್ಟಿ ನಾಲ್ಕು ಉಳಿದಿದ್ದವು. ಅವರೆಕಾಳಿನ ಪಲ್ಯ, ಅನ್ನ, ಮಜ್ಜಿಗೆ, ಹಬ್ಬದ ಒಂದು ಹೋಳಿಗೆ. ಹೋಳಿಗೆಯನ್ನು ಅತ್ತೆ ಮುರಿದು ಅರ್ಧ ಮಗನಿಗೆ, ಅರ್ಧ ನನಗೆ ಹಾಕಿದರು. ಮಗನ ಮುಂದೆ ತಟ್ಟೆ ಇಡುತ್ತಾ, "ಎಡಕ್ಕೆ ಪಲ್ಯ ಐತೆ, ಬಲಕ್ಕೆ ನೀರಿನ ಲೋಟ, ನೋಡ್ಕ," ಅಂದರು. ಎಷ್ಟು ತಿಂಗಳಿಂದ ಅವರು ತಟ್ಟೆ ಇಡುವಾಗ ಹಾಗೆ ಹೇಳುತ್ತಿದ್ದರೋ, ನನಗೆ ನೆನಪಾಗಲಿಲ್ಲ. ಯಾವಾಗಲೂ ಹೇಳುತ್ತಿದ್ದರು ಅನ್ನಿಸಿತು. ನಮ್ಮನೆಯವರು ಪಲ್ಯ ಇನ್ನೊಂದು ಸಲ ಹಾಕಿಸಿಕೊಂಡರು. ಮೊದಲು ಅತ್ತೆಗೆ ನಿದ್ದೆ ಹತ್ತಿತು. ಆಮೇಲೆ ನನಗೆ. ಅವರು ಯಾವಾಗ ಮಲಗಿದರೋ ಗೊತ್ತಿಲ್ಲ.